ಗೋಡೆ ಹತ್ತದ ಕೈ

ದೇವರಾಜ ಮೊಹಲ್ಲಾ, ಮೈಸೂರು
೧೮-೩-೧೯೬೩

ಪ್ರೀತಿಯ ಚಿನ್ನಪ್ಪಣ್ಣನಿಗೆ,

ನಿನ್ನ ಒಬ್ಬಳೇ ತಂಗಿ, ಸಕಲ ಸದ್ಗುಣ ಸಂಪನ್ನೆ ಅಮಲಮೇರಿ ಮಾಡುವ ನಮಸ್ಕಾರಗಳು. ನಿನ್ನ ಆರೋಗ್ಯ ಹೇಗಿದೆ? ಆ ಹಿಮದ ಬೆಟ್ಟದಲ್ಲಿ ಕಾಲ್ಬೆರಳುಗಳೆಲ್ಲ ಸ್ವಸ್ಥಾನದಲ್ಲಿವೆ ತಾನೆ? ಯುದ್ಧ ನಿಂತು ಇಷ್ಟು ದಿನವಾದರೂ ನಿಮ್ಮ ಪಲ್ಟನ್ನಿನವರು ನಿನ್ನನ್ನು ಬಿಡಲಿಲ್ಲವೆಂದರೆ, ಒಂದೋ ನೀನು ಮಹಾಶೂರ, ಇಲ್ಲವೇ ಚೆನ್ನಾಗಿ ಅಡುಗೆ ಮಾಡುತ್ತಿದ್ದೀಯ. ಅಪ್ಪ ಚೆನ್ನಾಗಿದ್ದಾರೆ. ಎಂದಿನಂತೆ ಸೈಕಲ್ಲಿನಲ್ಲಿ ರೈಲ್ವೆ ವರ್ಕ್‌ಶಾಪಿಗೆ ಹೋಗುತ್ತಾರೆ, ಎಂದಿನಂತೆ ಏನೂ ಮಾತಾಡದೆ ಬರುತ್ತಾರೆ. ನಾನು ಕ್ಷೇಮವಾಗಿಲ್ಲ. ನನ್ನ ತಾಳ್ಮೆ ಸ್ವರ್ಗಸ್ಥವಾಗಿದೆ. ಅದರ ಆತ್ಮಕ್ಕೆ ಶಾಂತಿ ಕೋರಿ ಒಂದು ಜಪ ಹೇಳು.

ಅದನ್ನು ಕೊಂದವಳು ಅಮ್ಮ. ಜನವರಿಯಲ್ಲಿ ಆಪರೇಷನ್ ಆದದ್ದನ್ನು ಅಪ್ಪ ಎರಡೇ ಸಾಲಿನಲ್ಲಿ ನಿನಗೆ ಬರೆದಿದ್ದರಲ್ಲ, ಉಳಿದದ್ದು ನಾನು ಹೇಳುತ್ತೇನೆ. ಗಂಟು ಹೋಯಿತು, ಬಲಗಡೆಯ ಎದೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು ಕ್ಯಾನ್ಸರ್ ಅಂದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ‘ಅದು’ ಅನ್ನುತ್ತೇವೆ. ಗಾಯ ಒಣಗಿದೆ. ಈಗ ತಕರಾರು ತೋಳಿನದು. ಕಂಕುಳಿನಿಂದ ಮೊಣಕೈವರೆಗೆ ಒಳಗೆ ಯಾರೋ ಹುರಿ ಕಟ್ಟಿ ಎಳೆದ ಹಾಗಾಗುತ್ತದಂತೆ, ತೋಳಿನ ಹಿಂಭಾಗ ಮುಟ್ಟಿದರೆ ಗೊತ್ತೇ ಆಗುವುದಿಲ್ಲವಂತೆ, ಸಂಜೆಯಾದರೆ ಕೈ ಊದಿಕೊಳ್ಳುತ್ತದೆ. ಬಳೆ ಒಡೆದೇ ತೆಗೆಯಬೇಕಾಯಿತು. ಆಸ್ಪತ್ರೆಯ ನರ್ಸಮ್ಮ ಇದಕ್ಕೆ ಮದ್ದು ಹೇಳಿಯೇ ಕಳಿಸಿದ್ದರು: ಗೋಡೆಗೆ ಎದುರಾಗಿ ನಿಂತು ಬೆರಳನ್ನು ಇರುವೆಯ ಹಾಗೆ ಮೇಲೆ ಹತ್ತಿಸಬೇಕು, ಎಲ್ಲಿ ನಿಲ್ಲುತ್ತದೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದು ಮಾರನೆಯ ದಿನ ಆ ಗೆರೆ ದಾಟಬೇಕು. “ಮಾಡದೆ ಹೋದ್ರೆ ಭುಜ ಹಂಗೇ ಕಲ್ಲಾಗಿ ಕೂತ್ಬುಡ್ತದೆ, ಆಮೇಲೆ ಯಾರಪ್ಪನ ಕೈಲೂ ಎತ್ಸೋಕಾಗಲ್ಲ” ಅಂದಿದ್ದರು. ನಾನು ಅಡುಗೆಮನೆಯ ಗೋಡೆಗೆ ಗೆರೆ ಎಳೆದೆ. ಅದು ಅಮ್ಮನ ಎದೆಯ ಎತ್ತರಕ್ಕಿದೆ. ಇವತ್ತಿಗೂ ಅಲ್ಲೇ ಇದೆ, ಅನಾಥವಾಗಿ.

ಅಮ್ಮ ಆ ಕೈಯನ್ನು ಸೆರಗಿನೊಳಗೆ ಪಕ್ಕೆಗೆ ಒತ್ತಿಕೊಂಡು, ರೆಕ್ಕೆ ಮುರಿದ ಕೋಳಿಯ ಹಾಗೆ ಓಡಾಡುತ್ತಾಳೆ. ತಲೆ ಬಾಚುವವಳು ನಾನು. ಶಿಲುಬೆಯ ಗುರುತು ಹಾಕುವಾಗ ಕೈ ಹಣೆಗೆ ಹೋಗುವುದಿಲ್ಲ, ಹಣೆಯೇ ಬಗ್ಗಿ ಕೈಯ ಹತ್ತಿರ ಬರುತ್ತದೆ. ನಾನು ಸುಮ್ಮನಿರುವ ಹುಡುಗಿಯೇ? ಕಾಫಿಪುಡಿ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ, ಆಸೆಗಾದರೂ ಕೈ ಚಾಚಲಿ ಎಂದು. ಅವಳು ದಿನವಿಡೀ ಕಾಫಿ ಕುಡಿಯಲಿಲ್ಲ, ನಮಗೂ ಕೊಡಲಿಲ್ಲ. ಅಪ್ಪ ನನ್ನನ್ನು ನೋಡಿದ ನೋಟ ಈಗಲೂ ಸುಡುತ್ತಿದೆ. ಇನ್ನೊಂದು ದಿನ “ಅಮ್ಮಾ, ತಲೆ ಮೇಲೆ ಹಲ್ಲಿ!” ಎಂದು ಕಿರುಚಿದೆ. ಎಡಗೈಯಲ್ಲಿ ತಲೆ ಕೊಡವಿಕೊಂಡು, ಅದೇ ಎಡಗೈಯಲ್ಲಿ ನನ್ನ ಬೆನ್ನಿಗೂ ಒಂದು ಕೊಟ್ಟಳು. ಆ ಕೈಗೆ ಯಾವ ಕಾಯಿಲೆಯೂ ಇಲ್ಲ ಎಂದು ದೃಢಪಡಿಸುತ್ತೇನೆ. ಇದರ ಮೇಲೆ ಪಕ್ಕದ ಮನೆಯ ದೇವಿರಮ್ಮನವರು ದಿನಾ ಔಡಲ ಎಲೆ ಬಿಸಿ ಮಾಡಿಕೊಂಡು ಬಂದು, “ಕೈ ಆಡಿಸ್ಬ್ಯಾಡಿ ಕಣವ್ವ, ಗಾಯದ ಹೊಲಿಗೆ ಬುಟ್ಕೊಂಡ್ಬುಡ್ತದೆ” ಎಂದು ಉಪದೇಶ ಮಾಡಿ ಹೋಗುತ್ತಾರೆ. ಆ ಎಲೆಯನ್ನಾದರೂ ಕಟ್ಟಿಸಿಕೊಳ್ಳುತ್ತಾಳೆಯೇ? ಇಲ್ಲ. ಅವರು ಹೋದಮೇಲೆ ಅದು ಮೇಕೆಗೆ.

ಭಯಕ್ಕೆ ಹೀಗೆ ಮಾಡುತ್ತಾಳೆ ಅಂದುಕೊಂಡಿದ್ದೆ. ಹೋದ ವಾರ ಜಗಳ ತೆಗೆದು ಕೇಳಿದಾಗ ನಿಜ ಹೊರಬಿತ್ತು. ಜಗತ್ತಿನ ಕ್ರೈಸ್ತರೆಲ್ಲ ಈಸ್ಟರಿಗೆ ಮುಂಚಿನ ನಲವತ್ತು ದಿನ, ತಪಸ್ಸುಕಾಲವೆಂದು ಮಾಂಸ ಬಿಡುತ್ತಾರೆ. ನಮ್ಮಮ್ಮ ವಿಭೂತಿ ಬುಧವಾರದ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಕೈ ಎತ್ತುವುದನ್ನೇ ಬಿಟ್ಟು ಬಂದಿದ್ದಾಳೆ! “ಈ ನೋವ್ನ ದೇವ್ರಿಗೆ ಒಪ್ಪಿಸ್ಬುಟ್ಟಿದೀನಿ ಕಣೇ. ನನ್ ಕೈ ಹೋದ್ರೆ ಹೋಗ್ಲಿ, ಚಿನ್ನಪ್ಪನ ಕೈಕಾಲು ನೆಟ್ಟಗಿರ್ಲಿ. ಒಪ್ಪಿಸಿದ್ ನೋವ್ನ ನಾನೇ ಕಮ್ಮಿ ಮಾಡ್ಕೊಂಡ್ಬುಟ್ರೆ ದೇವ್ರಿಗೆ ಮೋಸ ಅಲ್ವಾ?” ಎಂದಳು. ಈಸ್ಟರ್ ಹಬ್ಬ ಮುಗಿದ ಮಾರನೆಯ ದಿನ ಬೇಕಾದರೆ ಗೋಡೆಯಲ್ಲ, ಚಾಮುಂಡಿ ಬೆಟ್ಟವನ್ನೇ ಹತ್ತಿಸುತ್ತಾಳಂತೆ. ಈಸ್ಟರ್ ಹೊತ್ತಿಗೆ ಏನೂ ಉಳಿದಿರುವುದಿಲ್ಲ, ಈಗಲೇ ಅರ್ಧ ಬಿಗಿದಿದೆ ಎಂದು ನರ್ಸಮ್ಮ ಗುರುವಾರ ತೋಳು ಹಿಡಿದು ನೋಡಿ ಹೇಳಿದರು. ಅಮ್ಮ ಅವರಿಗೆ ಒಂದು ಡಜನ್ ರಸಬಾಳೆ ಕೊಟ್ಟು ಬಂದಳು, ಅಷ್ಟೆ.

ನಾನು ಉನ್ನತ ನ್ಯಾಯಾಲಯಕ್ಕೆ ಹೋದೆ. ಪಾಪನಿವೇದನೆಗೆ ಮೊಣಕಾಲೂರಿ, ನನ್ನ ಪಾಪಗಳನ್ನು ಸಂಕ್ಷಿಪ್ತಗೊಳಿಸಿ, ಅಮ್ಮನ ಕೇಸನ್ನು ಸವಿಸ್ತಾರವಾಗಿ ಮಂಡಿಸಿದೆ. ಗುರುಗಳು “ನೋವನ್ನ ಒಪ್ಪಿಸ್ಬಹುದಮ್ಮ, ಸಾಕ್ಬಾರ್ದು” ಎಂದರು. ರೆಕ್ಕೆ ಬಂದವಳಂತೆ ಮನೆಗೆ ಓಡಿ ತೀರ್ಪು ಓದಿ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತ ತಲೆಯೆತ್ತದೆ, “ಗುರುಗಳಿಗೆ ಮಕ್ಕಳು ಅವ್ರಾ?” ಎಂದಳು. ಕೇಸು ವಜಾ.

ಆಮೇಲೆ ಬಂದದ್ದು ನಿನ್ನ ಕಾಗದ. ಅಮ್ಮನಿಗೆ ಓದಲು ಬಾರದಲ್ಲ, ಎಂದಿನಂತೆ ನಾನೇ ಓದಿದೆ. ನಡುವೆ ನನ್ನ ಸ್ವಂತ ಸಾಹಿತ್ಯವನ್ನೂ ಸೇರಿಸಿದೆ: “ಅಮ್ಮಾ, ನನಗಾಗಿ ನೋವು ತಿನ್ನಬೇಡ, ದಿನಾ ಗೋಡೆ ಹತ್ತಿಸು” ಎಂದು, ಗಂಟಲು ಕೂಡ ಗದ್ಗದ ಮಾಡಿಕೊಂಡು. ಅಮ್ಮ ಕೇಳಿದಳು, “ಗೋಡೆ ಇಚಾರ ಅವನ್ಗೆ ಯಾರೇ ಬರ್ದೋರು?” ಯಾರೂ ಬರೆದಿರಲಿಲ್ಲ, ಅಣ್ಣ. ಇಷ್ಟು ದೊಡ್ಡ ತಲೆ ನನಗಿದ್ದೂ ಇಷ್ಟು ಸಣ್ಣ ಸಂಗತಿ ಹೊಳೆಯಲಿಲ್ಲ. ಅಂದಿನಿಂದ ನಿನ್ನ ಕಾಗದವನ್ನು ಅಪ್ಪ ಬಂದಮೇಲೆ ಇನ್ನೊಂದು ಸಲ ಓದಿಸಿ ತಾಳೆ ನೋಡಬೇಕೆಂದು ಕಾನೂನು ಮಾಡಿದ್ದಾಳೆ.

ಅಪ್ಪನ ಆಶೀರ್ವಾದ, ದೇವಿರಮ್ಮನವರ ನೆನಪು, ಅಮ್ಮನ ಎಡಗೈ ಬಲಗೈ ಎರಡರ ಮುತ್ತುಗಳು. ದೇವಮಾತೆ ನಿನ್ನನ್ನು ಕಾಯಲಿ, ಸಮಯ ಉಳಿದರೆ ನನ್ನನ್ನೂ.

ಇತಿ ಸೋತು ಸುಣ್ಣವಾದ ನಿನ್ನ ತಂಗಿ,
ಅಮಲಮೇರಿ

ಮ.ವಿ.: ಅಣ್ಣ, ಕವರು ಅಂಟಿಸುವ ಮೊದಲು ಬೇಗ ಬೇಗ ಬರೆಯುತ್ತಿದ್ದೇನೆ, ಅಂಚೆಯ ಹೊತ್ತಾಯಿತು. ಈಗ ತಾನೇ ಅಮ್ಮನಿಗೆ ರವಿಕೆ ತೊಡಿಸಿ ಬಂದೆ. ತೋಳು ತೂರಿಸುವಾಗ ಕೈ ಒಂದಿಷ್ಟು ಮೇಲಾಯಿತು. ಅವಳು ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ತುಂಬಿತು, ಆದರೂ ಅಮ್ಮಾ ಎನ್ನಲಿಲ್ಲ. ಆಗ ಗೊತ್ತಾಯಿತು. ಸುಮ್ಮನೆ ಕೂತರೆ ಆಗುವ ನೋವು ಏನೂ ಅಲ್ಲ ಕಣೋ, ಕೈ ಎತ್ತುವಾಗಿನ ನೋವೇ ದೊಡ್ಡದು. ನೀನು ಅವಳ ಹೆಸರಿಗೇ ಒಂದು ಕಾಗದ ಬರಿ. ನೋವು ಬೇಡ ಎಂದು ಬರೆಯಬೇಡ, ನಿನಗೇನಾದರೂ ಆದೀತೆಂದು ಹೆದರಿ ಇನ್ನೂ ಬಿಗಿಹಿಡಿಯುತ್ತಾಳೆ. “ಸಣ್ಣ ನೋವು ಸಾಲದಮ್ಮ, ಗೋಡೆ ಹತ್ತಿಸುವ ನೋವನ್ನು ನನ್ನ ಹೆಸರಿನಲ್ಲಿ ದೇವರಿಗೆ ಒಪ್ಪಿಸು” ಎಂದು ಕೇಳು. ನೀನು ಕೇಳಿದ್ದನ್ನು ಅವಳು ಯಾವತ್ತು ಇಲ್ಲ ಅಂದಿದ್ದಾಳೆ? ಇದನ್ನು ನಾನೇ ಹೇಳಿಬಿಡಬಹುದಿತ್ತು. ಆದರೆ ನಾನು ನಿಜ ಹೇಳಿದರೆ ಈ ಮನೆಯಲ್ಲಿ ಯಾರು ನಂಬುತ್ತಾರೆ, ನೀನೇ ಹೇಳು. ಇವತ್ತೇ ಬರಿ.