ಸಂತ ಜೋಸೆಫರ ಹರಕೆಯೂಟ

ಟೇಲರ್ ಬೀದಿ, ಶಿಕಾಗೋ
೧೪ ಮಾರ್ಚ್ ೧೯೩೦, ಶುಕ್ರವಾರ

ನನ್ನ ಮುದ್ದು ಲಿಬೋರಿಯೊ,

ಮೊದಲು ಭುಜದ ವಿಷಯ ಹೇಳು. ಚಳಿಗೆ ಈಗಲೂ ಸೆಳೆಯುತ್ತದೆಯೇ? ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಬರುತ್ತದೆಯೇ, ಇಲ್ಲ ಅಂಗಿ ಹಾಕಿಕೊಳ್ಳುವಾಗ ಹಲ್ಲು ಕಚ್ಚುತ್ತೀಯೋ? ಹೋದ ಪತ್ರದಲ್ಲಿ "ಚೆನ್ನಾಗಿದ್ದೇನಮ್ಮ" ಎಂದು ಒಂದೇ ಮಾತು ಬರೆದು ಕೈ ತೊಳೆದುಕೊಂಡಿದ್ದೀಯ. ಗುಂಡು ತಿಂದವರು ಅಷ್ಟು ಬೇಗ ಚೆನ್ನಾಗುವುದಿಲ್ಲ. ನೀನು ಉಳಿದುಕೊಂಡಿರುವ ಮನೆಯ ಆ ವಿಧವೆ ಆಲೂಗಡ್ಡೆ ಬೇಯಿಸಿದ ನೀರನ್ನೇ ಸಾರು ಎಂದು ಬಡಿಸುತ್ತಾಳೆ ಎಂದಿದ್ದೆಯಲ್ಲ, ಅವಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವಳಿಗೆ ಯಾರೂ ಕಲಿಸಿಲ್ಲ. ಆದರೆ ಎರಡು ಬೆಳ್ಳುಳ್ಳಿ ಎಸಳು ತಗೊಂಡು ನೀನೇ ಒಲೆಯ ಹತ್ತಿರ ಹೋಗಿ ನಿಂತರೆ ಯಾರ ಗಂಟೂ ಹೋಗುವುದಿಲ್ಲ. ಅಪರಾಧಿಗಳನ್ನು ಹಿಡಿಯುವವನಿಗೆ ಒಂದು ಸಾರು ಮಾಡಲು ನಾಚಿಕೆಯೇ?

ನಾನು ಚೆನ್ನಾಗಿದ್ದೇನೆ. ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಅದರ ಮೇಲೆ ಗೊಣಗುತ್ತೇನೆ. ನಿಮ್ಮಪ್ಪ ಟ್ರಾಮ್ ಹಳಿಯ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ನೀನು ಎದೆಗೆ ಸರ್ಕಾರದ ಬಿಲ್ಲೆ ಸಿಕ್ಕಿಸಿಕೊಂಡ ದಿನದಿಂದ ಆ ಮನುಷ್ಯನ ಬಾಯಲ್ಲಿ ನಿನ್ನ ಹೆಸರು ಬಂದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. "ಆ ಅಬಕಾರಿಯವನು" ಎನ್ನುತ್ತಿದ್ದರು, ಅದೂ ನನ್ನ ಬೆನ್ನಿಗೆ. ಅವರದೂ ತಪ್ಪಲ್ಲ ಬಿಡು. ಸಾರಾಯಿ ಕಾಯಿಸಬಾರದು, ಮಾರಬಾರದು ಎಂಬ ಕಾಯಿದೆ ಬಂದು ಹತ್ತು ವರ್ಷವಾಯಿತು, ಈ ಬೀದಿಯಲ್ಲಿ ಅದನ್ನು ನಂಬಿದವನು ನೀನೊಬ್ಬನೇ. ಆದರೆ ಕೇಳು, ಈಗ ನಿಮ್ಮಪ್ಪ ಕೆಲಸದಿಂದ ಬಂದವರೇ ಅಂಗಳದಲ್ಲಿ ಹಲಗೆಗಳಿಗೆ ತೋಪಡ ಹಿಡಿದು ನಯ ಮಾಡುತ್ತಿದ್ದಾರೆ. ಹರಕೆಯೂಟಕ್ಕೆ ಮೂರು ಮೆಟ್ಟಿಲಿನ ಮೇಜು ಬೇಕಲ್ಲ, ಅದಕ್ಕೆ. ನಿನ್ನೆ ಹಲಗೆಯ ಮೇಲಿನಿಂದ ತಲೆ ಎತ್ತದೆಯೇ "ಅವನ್ ಭುಜ ಹೇಗಿದ್ಯಂತೆ?" ಎಂದು ಕೇಳಿದರು. ನಾನು ಒಳಗೆ ಹೋಗಿ ಅಡುಗೆಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

ಹರಕೆಯ ಮಾತು ನಿನಗೆ ಹಿಂದೆಯೇ ಹೇಳಿದ್ದೇನೆ. ನವೆಂಬರಿನಲ್ಲಿ ಆ ಸಾರಾಯಿ ಗೋದಾಮಿನ ಬಾಗಿಲು ಒಡೆಯಲು ಹೋಗಿ ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಿನ್ನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ನಾನು ಸಂತ ಜೋಸೆಫರ ಜೊತೆ ಖಡಾಖಂಡಿತವಾಗಿ ಮಾತಾಡಿದೆ. ಇವನು ಉಳಿದರೆ ನಿಮ್ಮ ಹಬ್ಬದ ದಿನ ನಮ್ಮ ಮನೆಯಲ್ಲಿ ಊಟ ಇಡುತ್ತೇನೆ, ಹಿಟ್ಟಿನಿಂದ ಉಪ್ಪಿನವರೆಗೆ ಬೇಡಿ ತರುತ್ತೇನೆ, ನನ್ನ ಮಗನೇ ಬರಿಗಾಲಲ್ಲಿ ನಿಂತು ಬಡಿಸುತ್ತಾನೆ ಎಂದೆ. ಅವರು ತಮ್ಮ ಮಾತು ಉಳಿಸಿಕೊಂಡರು. ಇನ್ನು ಉಳಿದಿರುವುದು ನಮ್ಮದು. ಏಪ್ರಿಲಿನಲ್ಲಿ ಆ ಗೋದಾಮಿನ ಒಡೆಯ, ಈ ಬೀದಿಯ ಕಳ್ಳಸಾರಾಯಿ ದೊರೆ ದೊನ್ ಸವೇರಿಯೊ ವಿರುದ್ಧ ನೀನು ಕೋರ್ಟಿನಲ್ಲಿ ಸಾಕ್ಷಿ ಹೇಳುವ ತನಕ ಈ ಬೀದಿಗೆ ಕಾಲಿಡಬಾರದು, ಕಾಲಿಟ್ಟರೆ ಹೆಣವಾಗಿ ಹೋಗುತ್ತೀಯ ಎಂದು ನಿನ್ನ ಸಾಹೇಬರು ಹೇಳಿದ್ದಾರೆ, ಗೊತ್ತು. ನಾನೂ ಆ ಹೆದರಿಕೆಯಲ್ಲೇ ನಾಲ್ಕು ತಿಂಗಳು ಆಸೆ ನುಂಗಿದೆ, ಒಂದು ಸಲವೂ ಬಾ ಎನ್ನಲಿಲ್ಲ. ಈಗ ಒಂದೇ ಒಂದು ಗಂಟೆ ಕೇಳುತ್ತಿದ್ದೇನೆ. ಬುಧವಾರ ಮಧ್ಯಾಹ್ನ ಬಂದು, ಬಡಿಸಿ, ನನ್ನ ಕಣ್ಣಿಗೆ ಒಮ್ಮೆ ಬಿದ್ದು, ಹೊರಟುಬಿಡು. ಯಾಕೆ ಧೈರ್ಯ ಬಂತು ಎನ್ನುವುದನ್ನೂ ಹೇಳುತ್ತೇನೆ, ಪೂರ್ತಿ ಓದು.

ಸೋಮವಾರದಿಂದ ನಾನು ಬೇಡಲು ಹೊರಟಿದ್ದೇನೆ. ನಿಮ್ಮಪ್ಪನ ಹಳೆಯ ಕಾಲುಚೀಲ ಮಾತ್ರ ಹಾಕಿಕೊಂಡೆ, ಹಿಮದಲ್ಲಿ ಪೂರ್ತಿ ಬರಿಗಾಲಾದರೆ ಸಂತರೇ ಬೈಯುತ್ತಾರೆ. ಹೋದ ಮನೆಯಲ್ಲೆಲ್ಲ ಹೇಳಬೇಕಾದ್ದನ್ನು ಹೇಳಿದೆ, ಯಾರಿಗಾಗಿ ಹರಕೆ, ಯಾಕೆ, ಯಾರು ಬಡಿಸುತ್ತಾರೆ ಎಂದು. ಹೇಳದೆ ಬೇಡಿದರೆ ಅದು ಹರಕೆಯಲ್ಲ, ಭಿಕ್ಷೆ. ಮೊದಲೆರಡು ಬಾಗಿಲು ತಟ್ಟಲು ಹಿಂಜರಿದೆ. ನೀನು ಒಡೆದುಹಾಕಿದ ಭಟ್ಟಿಗಳು ಇದೇ ಮನೆಗಳವಲ್ಲವೇ? ಆದರೂ ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಮೀನಂಗಡಿಯವನು ಭೂತಾಯಿ ಮೀನು ತೂಗುತ್ತಾ, "ತಗೊಳ್ಳಿ ಪೀನಕ್ಕ, ಇದು ಸಂತರಿಗೆ. ನಿಮ್ ಮಗನಿಗೆ ಮುಳ್ಳು ಮಾತ್ರ" ಎಂದ. ಎಂದವನೇ ನಕ್ಕು ಇನ್ನೊಂದು ಹಿಡಿ ಹಾಕಿದ.

ವೆನೆರಾಳ ಬಾಗಿಲು ಮಾತ್ರ ಕಷ್ಟವಾಯಿತು. ನಿನ್ನ ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತವಳು, ನನಗೆ ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದವಳು. ಗಂಡ ಸತ್ತ ಮೇಲೆ ಅಡುಗೆಮನೆಯಲ್ಲಿ ಸಾರಾಯಿ ಕಾಯಿಸುವ ಸವೇರಿಯೊನ ತಾಮ್ರದ ಹಂಡೆ ಕೂರಿಸಿಕೊಂಡು ಮಕ್ಕಳನ್ನು ಸಾಕಿದಳು. ನೀನು ಕೊಡಲಿ ಹಿಡಿದು ಒಳಗೆ ಹೋದಾಗ "ನಿನ್ನ ಎತ್ತಾಡ್ಸಿದ್ ಕೈ ಕಣೋ ಇದು" ಎಂದಳಂತೆ, ನೀನು "ಗೊತ್ತತ್ತೆ, ಒಂಚೂರು ಪಕ್ಕಕ್ಕೆ ನಿಂತ್ಕೊ" ಎಂದೆಯಂತೆ. ಆ ಮೇಲೆ ಅವಳ ಮಗ ಕೋಸಿಮೊ ಸವೇರಿಯೊನ ಲಾರಿ ಓಡಿಸಲು ಸೇರಿದ. ಅವಳು ನನ್ನ ಜೊತೆ ಮಾತು ಬಿಟ್ಟಳು. ಇಗರ್ಜಿಯಲ್ಲಿ ಕೂಡ ಬೇರೆ ಸಾಲಿನಲ್ಲಿ ಕೂರುತ್ತಾಳೆ. ಮಂಗಳವಾರ ನಾನು ಬಾಗಿಲು ತಟ್ಟಿದೆ. ತೆಗೆದಳು, ನನ್ನ ಕಾಲು ನೋಡಿದಳು, ಒಳಗೆ ಹೋಗಿ ಒಂದು ಬೊಗಸೆ ಒಣ ಅವರೆಕಾಳು ತಂದು ನನ್ನ ಚೀಲಕ್ಕೆ ಸುರಿದಳು. "ಬುಧವಾರ ಬರ್ತಾನಾ?" ಎಂದು ಕೇಳಿದಳು. ಬರುತ್ತಾನೆ ಎಂದೆ. ಬಾಗಿಲು ಹಾಕಿಕೊಂಡಳು. ಅಷ್ಟೇ ಮಾತಾದರೂ ನನಗೆ ಎದೆ ಹಗುರವಾಯಿತು, ಲಿಬೋ. ಎರಡು ವರ್ಷದ ಮೇಲೆ ಅವಳ ಧ್ವನಿ ಕೇಳಿದೆ.

ಈಗ ದೊಡ್ಡ ಸುದ್ದಿ. ನಾನು ಸವೇರಿಯೊನ ಮನೆಗೂ ಹೋದೆ. ಕೂಗಾಡಬೇಡ. ಬೇಡುವವಳು ಬಾಗಿಲು ಆರಿಸಿಕೊಳ್ಳುವ ಹಾಗಿಲ್ಲ, ಒಂದು ಮನೆ ಬಿಟ್ಟರೂ ಹರಕೆ ಮುರಿದ ಹಾಗೆ. ಅವನ ಹೆಂಡತಿ ಒಂದು ಮೂಟೆ ಹಿಟ್ಟು, ಒಂದು ಡಬ್ಬಿ ಎಣ್ಣೆ ಕೊಟ್ಟಳು. ಅಷ್ಟರಲ್ಲಿ ಅವನೇ ಹೊರಗೆ ಬಂದ. ನಾನು ಚೀಲವನ್ನು ಎದೆಗೆ ಅವಚಿಕೊಂಡೆ. ಅವನೋ ಟೋಪಿ ತೆಗೆದು ನಿಂತ! "ಪೀನಕ್ಕ, ಹರಕೆ ಅಂದ್ಮೇಲೆ ಹಗೆ ಎಲ್ಲಿಂದ ಬಂತು? ಹುಡುಗ ಬರ್ಲಿ. ನಮ್ಮೋನೇ ಅಲ್ವಾ? ಕೋರ್ಟಿನ ಮಾತು ಕೋರ್ಟಲ್ಲಿ" ಎಂದ. ಮುಂದಿನ ಬಾಗಿಲಿಂದ ಬರುತ್ತೀಯೋ ಹಿಂದಿನ ಮೆಟ್ಟಿಲಿಂದಲೋ ಎಂದು ವಿಚಾರಿಸಿದ. ಹಿಂದಿನಿಂದಲೇ, ಊಟಕ್ಕೆ ಮುಂಚೆ ಎಂದೆ. "ಹಾಗಾದ್ರೆ ಆ ಓಣಿಯ ಹಿಮ ಬಳಿಸಿ ಇಡ್ತೀನಿ, ಬರಿಗಾಲಲ್ಲಿ ಬರೋನು, ಜಾರ್ಬಾರ್ದು. ಸೊಂಟದಲ್ಲಿರೋದನ್ನ ಮಾತ್ರ ಬಿಟ್ಟು ಬರೋಕೆ ಹೇಳಿ, ಸಂತರ ಪಂಕ್ತಿಗೆ ಅದ್ಯಾಕೆ?" ಎಂದ. ಆ ಮಾತು ನಿಜ ತಾನೇ? ಸಮುದ್ರದಾಚೆಯ ನಮ್ಮ ಊರಲ್ಲಿ ಹತ್ತು ತಲೆಮಾರಿನ ಹಗೆಯವರೂ ಆ ದಿನ ಎದುರುಬದುರು ಕೂತು ಉಣ್ಣುತ್ತಿದ್ದರು, ಒಬ್ಬರೂ ಒಬ್ಬರ ಮೈಮುಟ್ಟುತ್ತಿರಲಿಲ್ಲ. ಹಿಟ್ಟಿನ ಮೂಟೆಯನ್ನು ಅವನ ಆಳೇ ನಮ್ಮ ಮನೆಗೆ ಹೊತ್ತು ತಂದ. ನಾನು ದಾರಿಯುದ್ದಕ್ಕೂ ಅತ್ತೆ, ಸಂತೋಷಕ್ಕೆ. ಮನುಷ್ಯ ಎಷ್ಟು ಕೆಟ್ಟರೂ ಒಂದು ಮೂಲೆ ಕೆಡದೆ ಉಳಿದಿರುತ್ತದೆ ಅನ್ನಿಸಿತು.

ಸಂತರಾಗಿ ಕೂರುವವರು ಯಾರು ಗೊತ್ತೇ? ಜೋಸೆಫರಾಗಿ ಇದ್ದಿಲು ಮಾರುವ ಮುದುಕ ಬಾರ್ತೊಲೊ. ಗಡ್ಡ ಅವನದೇ, ಅಂಟಿಸುವ ಕೆಲಸವಿಲ್ಲ, ತೊಳೆಯುವ ಕೆಲಸವಿದೆ. ಮರಿಯಮ್ಮನಾಗಿ ಮೇಲಿನ ಮಾಳಿಗೆಯ ಅನಾಥ ಹುಡುಗಿ. ಬಾಲಯೇಸುವಾಗಿ ಅವಳ ತಮ್ಮ, ಐದು ವರ್ಷದವನು, ಈಗಲೇ ಎಷ್ಟು ಸಿಹಿ ತಿನ್ನಬಹುದು ಎಂದು ಬಂದು ಬಂದು ಕೇಳುತ್ತಾನೆ. ಅವರು ಮೂರು ಸಲ ಬಾಗಿಲು ತಟ್ಟುತ್ತಾರೆ. ಎರಡು ಸಲ ಅಪ್ಪ ಒಳಗಿನಿಂದ "ಜಾಗ ಇಲ್ಲ, ಹೋಗಿ" ಎನ್ನಬೇಕು. ಆ ಮಾತು ಅವರಿಗೆ ಅಭ್ಯಾಸವಿಲ್ಲದೆಯೇ ಬರುತ್ತದೆ. ಮೂರನೆಯ ಸಲ ನೀನು ಬಾಗಿಲು ತೆಗೆದು, ಅವರ ಕೈ ತೊಳೆದು, ಮುತ್ತಿಟ್ಟು, ಒಳಗೆ ಕರೆದು ಕೂರಿಸಿ ಬಡಿಸಬೇಕು. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ. ಶಾವಿಗೆಗೆ ಮೀನು, ಸೋಂಪಿನ ಸೊಪ್ಪು, ಮೇಲೆ ಮರದ ಹೊಟ್ಟಿನ ಹಾಗೆ ಹುರಿದ ರೊಟ್ಟಿಪುಡಿ, ಬಡಗಿ ಸಂತರಲ್ಲವೇ. ಸೋಂಪಿನ ಸೊಪ್ಪು ಒಂದು ಇನ್ನೂ ಸಿಕ್ಕಿಲ್ಲ.

ನೀನು ಚಿಕ್ಕವನಿದ್ದಾಗ ಈ ಹಬ್ಬಕ್ಕೆ ನಾನು ರೊಟ್ಟಿ ಹಿಟ್ಟಿನಲ್ಲಿ ಸಂತರ ಸುತ್ತಿಗೆ, ಗರಗಸ ಮಾಡುವಾಗಲೆಲ್ಲ ಯಾವುದಾದರೂ ಒಂದನ್ನು ಹಸಿಯಾಗಿಯೇ ತಿಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆ. ನಿನ್ನ ಕೆಲಸದ ಬಗ್ಗೆ ಬೀದಿಯವರು ಏನೇ ಅನ್ನಲಿ, ನಿನ್ನ ಜೊತೆಗಾರರೆಲ್ಲ ಕೈ ಬೆಚ್ಚಗೆ ಮಾಡಿಕೊಂಡು ತಲೆ ತಿರುಗಿಸುವಾಗ ನೀನು ತಿರುಗಿಸಲಿಲ್ಲ. ಅದು ನನಗೆ ಹೆಮ್ಮೆ. ಎದುರಿಗೆ ಇದನ್ನು ನಾನು ಯಾವತ್ತೂ ಹೇಳಲಿಲ್ಲ, ಹೇಳಿದರೆ ನಿಮ್ಮಪ್ಪನ ಮುಖ ಊದುತ್ತಿತ್ತು. ಈಗ ಹೇಳುತ್ತಿದ್ದೇನೆ. ಬಾ ಮಗನೇ. ನಿನ್ನ ಭುಜವನ್ನು ನಾನೇ ಒಮ್ಮೆ ಮುಟ್ಟಿ ನೋಡಬೇಕು.

ಆ ವಿಧವೆಗೆ ನನ್ನ ನಮಸ್ಕಾರ ಹೇಳು, ಸಾರಿನ ವಿಷಯ ಎತ್ತಬೇಡ. ನಿನ್ನ ಸಾಹೇಬರಿಗೆ ದೇವರು ಒಳ್ಳೆಯದು ಮಾಡಲಿ. ಅಪ್ಪ ಹರಸಿದ್ದಾರೆ, ಬಾಯಿಬಿಟ್ಟು ಅಲ್ಲ, ಆದರೂ ಹರಸಿದ್ದಾರೆ. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈಗಳಿವೆ.

ನಿನ್ನ ಅಮ್ಮ,
ಅಗ್ರಿಪ್ಪಿನಾ

ಮ.ವಿ.: ಲಿಬೋ, ಬರಬೇಡ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ವೆನೆರಾ ಹಿಂದಿನ ಮೆಟ್ಟಿಲು ಹತ್ತಿ ಬಂದಳು, ಮಡಿಲ ತುಂಬ ಸೋಂಪಿನ ಸೊಪ್ಪು. ಅದನ್ನು ಮೇಜಿನ ಮೇಲೆ ಹಾಕಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಪೀನಕ್ಕ, ಅವನಿಗೆ ಬರ್ಬೇಡ ಅಂತ ಬರಿ. ಓಣಿಯ ಹಿಮ ಬಳಿಯೋದು ಅವನ ಕಾಲಿಗಲ್ಲ. ಮೆಟ್ಟಿಲ ಕೆಳಗೆ ನನ್ ಕೋಸಿಮೋನ್ನೇ ನಿಲ್ಲಿಸ್ತಾರೆ. ನಿನ್ ಮಗ ಅವನನ್ನ ನೋಡಿದ್ರೆ ಓಡೋದಿಲ್ಲ, ತಬ್ಬಿಕೊಳ್ಳೋಕೆ ಬರ್ತಾನೆ ಅಂತ ಅವರಿಗೆ ಗೊತ್ತು" ಎಂದಳು. ಯಾವ ದಿನ, ಯಾವ ಬಾಗಿಲು, ಯಾವ ಹೊತ್ತು, ಎಲ್ಲವನ್ನೂ ಮನೆಮನೆಗೆ ಹೋಗಿ ಡಂಗುರ ಸಾರಿ ಬಂದವಳು ನಾನೇ. ಹರಕೆಗೆ ಬೆಲೆ ಕೊಡದವರೂ ನಮ್ಮಲ್ಲಿ ಇದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಮಾತು, ಇದನ್ನು ನನ್ನ ಮೇಲಾಣೆ ಎಂದುಕೊಂಡು ನಡೆಸು. ನಿನ್ನ ಸಾಹೇಬರಿಗೆ ಹೇಳಬೇಡ. ನಿನ್ನ ಬದಲು ನಿಮ್ಮವರು ಬಂದೂಕು ಹಿಡಿದು ಆ ಓಣಿಗೆ ಬಂದರೆ ಮೊದಲು ಬೀಳುವವನು ಕೋಸಿಮೊ. ವೆನೆರಾ ತನ್ನ ಮಗನ ಕುತ್ತಿಗೆಯನ್ನು ನನ್ನ ಕೈಯಲ್ಲಿಟ್ಟು ಹೋಗಿದ್ದಾಳೆ. ಅವನು ಹುಟ್ಟಿದಾಗ ಅವಳಿಗೆ ಜ್ವರ ಬಂದು, ನೀವಿಬ್ಬರೂ ಒಟ್ಟಿಗೆ ನನ್ನ ಹಾಲು ಕುಡಿದಿರಿ. ಸವೇರಿಯೊನಿಗೆ ಏಪ್ರಿಲಿನಲ್ಲಿ ಕೋರ್ಟಿನಲ್ಲೇ ಉತ್ತರ ಹೇಳು. ಮಂಗಳವಾರ ಮನೆಗೆ ಒಂದು ತಂತಿ ಕಳಿಸು, ಭುಜಕ್ಕೆ ಕೀವು ತುಂಬಿ ಜ್ವರ ಬಂದಿದೆ, ಏಳಲು ಆಗುತ್ತಿಲ್ಲ ಎಂದು. ನಾನು ಅದನ್ನು ಹಿಡಿದುಕೊಂಡು ಬೀದಿಯುದ್ದಕ್ಕೂ ಅಳುತ್ತೇನೆ. ಅಳು ನಿಜವಾಗಿಯೇ ಬರುತ್ತದೆ. ವೆನೆರಾಳ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಬಾರ್ತೊಲೊನ ಕೈಯನ್ನು ನಿನ್ನ ಬದಲು ಅಪ್ಪ ತೊಳೆಯುತ್ತಾರಂತೆ, ಅವರೇ ಹೇಳಿದರು. ಹರಕೆ ತಪ್ಪಿತಲ್ಲ ಎಂದು ನೀನು ಕೊರಗಬೇಡ. ರಾಜನ ಆಳುಗಳು ಕೂಸು ಯೇಸುವನ್ನು ಕೊಲ್ಲಲು ಬರುತ್ತಾರೆಂದು ತಿಳಿದಾಗ, ಎಲ್ಲ ಬಿಟ್ಟು ಅದನ್ನು ಎತ್ತಿಕೊಂಡು ಪರದೇಶಕ್ಕೆ ಓಡಿದವರು ಸಂತ ಜೋಸೆಫರು. ಮಗನನ್ನು ಮನೆಯಿಂದ ದೂರ ಇಡುವ ಸಂಕಟ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಿನ್ನನ್ನು ನೋಡಬೇಕೆಂದು ಜೀವ ಹೋಗುತ್ತಿದೆ, ಲಿಬೋ. ಬರಬೇಡ.