ನಿನ್ನ ಕಾರಿನ ಸದ್ದು

ಲಾಂಡ್ರಿಯ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಮುದ್ದು ಮಗಳೇ,

ಗಂಟಲು ನೋವು ಹೇಗಿದೆ? ಬಿಸಿನೀರು ಕುಡಿ ಎಂದರೆ, ‘ನರ್ಸಾಗುವವಳಿಗೆ ನೀನು ಹೇಳಿಕೊಡಬೇಕಾ’ ಎನ್ನುತ್ತೀಯ. ಹೇಳಿಕೊಡುತ್ತಿಲ್ಲ, ಕುಡಿ ಅಷ್ಟೆ. ಹಾಸ್ಟೆಲಿನ ದಿಂಬು ಕಲ್ಲಿನ ಹಾಗಿದೆ ಎಂದು ಬರೆದಿದ್ದೆಯಲ್ಲ, ಮೆತ್ತಗಿನದೊಂದು ಒಗೆದು ಒಣಗಿಸಿ ಇಟ್ಟಿದ್ದೇನೆ. ನನ್ನ ಮಂಡಿ ಹಾಗೇ ಇದೆ, ಹೊಸ ದೂರೇನೂ ಇಲ್ಲ. ಮನೆಯ ಗಂಡಸರೂ ಗಟ್ಟಿಮುಟ್ಟಾಗಿದ್ದಾರೆ. ಮೂವರ ಬಾಯಿಯೂ ಚೆನ್ನಾಗಿದೆ, ಕಿವಿಯದ್ದೇ ತೊಂದರೆ. ಆ ಕಥೆ ಬರೆಯಲೆಂದೇ ಕುಳಿತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಫೋನ್ ಎತ್ತಿದ ತಕ್ಷಣ ಮೂವರಿಗೂ ನನ್ನ ಪಕ್ಕದಲ್ಲೇ ಏನೋ ಕೆಲಸ ನೆನಪಾಗುತ್ತದೆ.

ನಿನ್ನ ಕಾರಿಗೆ ಒಂದು ಸದ್ದು ಬಂದಿತ್ತು. ಗಾಬರಿಯಾಗಬೇಡ, ಪೂರ್ತಿ ಓದು. ನೀನು ಹೋದ ಮೇಲೆ ಬಟ್ಟೆ ಗಂಟುಗಳನ್ನು ಒಯ್ಯಲು ಹೋಟೆಲಿನವರೇ ವ್ಯಾನು ಕಳಿಸುತ್ತಿದ್ದಾರೆ, ಹಾಗಾಗಿ ಕಾರಿಗೆ ಕೆಲಸವಿಲ್ಲ. ಈ ಮನೆಯಲ್ಲಿ ಕೆಲಸವಿಲ್ಲದ್ದೆಲ್ಲ ಕೊನೆಗೆ ನಿನ್ನಣ್ಣನ ಪಾಲಿಗೆ ಬರುತ್ತದೆ. ದಿನಾ ಸಂಜೆ ಕಪ್ಪು ಕನ್ನಡಕ ಏರಿಸಿಕೊಂಡು, ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು, ಖಾಲಿ ಕಾರಿನಲ್ಲಿ ಬೀದಿ ಸುತ್ತುತ್ತಿದ್ದ. ಒಂದು ದಿನ ಯಾರೋ ತೀರಿಹೋದವರ ಹಾಗೆ ಮುಖ ಮಾಡಿಕೊಂಡು ಬಂದ. ‘ಅಮ್ಮಾ, ಕಾರು ಒಳಗಿಂದೊಳಗೇ ಹೋಗಿದೆ’ ಎಂದ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಸದ್ದಂತೆ. ಎಲ್ಲಿಂದ ಬರುತ್ತದಪ್ಪಾ ಎಂದು ಕೇಳಿದೆ. ‘ಎಲ್ಲಾ ಕಡೆಯಿಂದ’ ಎಂದ. ನಾನು ಆವಿಯಲ್ಲಿ ಕೈ ಸುಟ್ಟುಕೊಂಡು ಓದಿಸಿದ ವಿದ್ಯೆಗೆ ಇಷ್ಟು ಬಡ್ಡಿ ಬಂತು.

ಅಲ್ಲಿಂದ ಶುರುವಾಯಿತು ನೋಡು ಮನೆಯ ದರ್ಬಾರು. ನಿಮ್ಮಪ್ಪ ಇಡೀ ನೌಕರಿಯನ್ನು ಫ್ಯಾನಿನ ಕೆಳಗೆ ಕಡತ ಕಟ್ಟುತ್ತಾ ಕಳೆದವರು, ಸೈಕಲ್ಲಿಗೆ ಗಾಳಿ ಹಾಕುವಾಗಲೂ ಯಾರನ್ನಾದರೂ ಕರೆಯುವವರು. ಅವರು ‘ಸೈಲೆನ್ಸರ್’ ಎಂದು ತೀರ್ಪು ಕೊಟ್ಟರು. ನಿನ್ನಣ್ಣ ಮೊಬೈಲಿನಲ್ಲಿ ಯಾರೋ ಮಾತಾಡಿದ್ದನ್ನು ಕೇಳಿಕೊಂಡು ‘ಇಂಜಿನ್ ಬೇರಿಂಗ್’ ಎಂದ. ನಿನ್ನ ಚಿಕ್ಕಪ್ಪ ಹಿಂದೊಮ್ಮೆ ಹೊಲಿಗೆ ಯಂತ್ರ ಮಾರಿದ್ದರಲ್ಲ, ಅಂದಿನಿಂದ ಲೋಕದ ಯಂತ್ರಗಳೆಲ್ಲ ಅವರ ನೆಂಟರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ನಾಡಿ ನೋಡುವವರ ಹಾಗೆ ನಿಂತರು. ಕೊನೆಗೆ ‘ಇದು ತುಂಬಾ ಒಳಗಿನ ಕಾಯಿಲೆ’ ಎಂದರು. ಅವರು ಆ ಸದ್ದನ್ನು ಒಂದು ಸಲವೂ ಕೇಳಿರಲಿಲ್ಲ ಕಣೇ! ಆದರೂ ಮೂವರಲ್ಲಿ ಅವರ ಮಾತೇ ಗಟ್ಟಿ. ರಾತ್ರಿ ಊಟಕ್ಕೆ ಕೂತಾಗ ಸದ್ದು ಹೇಗಿತ್ತೆಂದು ತೋರಿಸಲು ನಿನ್ನಣ್ಣ ಸ್ಟೀಲ್ ಲೋಟಕ್ಕೆ ಚಮಚ ಬಡಿದ. ನಿಮ್ಮಪ್ಪ ‘ಅಲ್ಲ ಕಣೋ, ಇಷ್ಟು ತೆಳು ಇಲ್ಲ’ ಎಂದು ಪಾತ್ರೆಯ ಮುಚ್ಚಳಕ್ಕೆ ಬಡಿದರು. ಚಿಕ್ಕಪ್ಪ ಅದೂ ಸರಿಯಿಲ್ಲವೆಂದು ನನ್ನ ಕುಕ್ಕರನ್ನೇ ಎಳೆದುಕೊಂಡರು. ಸಾರು ಆರಿತು, ಮುಚ್ಚಳದ ಅಂಚು ನೆಗ್ಗಿತು, ರೋಗ ಮಾತ್ರ ಸಿಗಲಿಲ್ಲ.

ಮಾರನೆಯ ದಿನ ಪರೀಕ್ಷೆಗೆಂದು ಹೊರಟರು. ಒಬ್ಬ ಹೋಗಿ ಬರಬಹುದಿತ್ತು. ಆದರೆ ಒಬ್ಬನ ಕಿವಿಯ ಮೇಲೆ ಇನ್ನೊಬ್ಬನಿಗೆ ನಂಬಿಕೆಯಿಲ್ಲ. ‘ನಾನಿಲ್ಲದಾಗ ಇವನು ಏನನ್ನೋ ಕೇಳಿಸಿಕೊಂಡು ಬಂದು ಇದೇ ಅಂದ್ರೆ?’ ಎನ್ನುವುದು ಪ್ರತಿಯೊಬ್ಬರ ಚಿಂತೆ. ಹಾಗಾಗಿ ಮೂವರೂ ಹತ್ತಿದರು. ಹಿಂದಿನ ಎಡಬಾಗಿಲು ಅಲುಗಾಡಿ ಸದ್ದಾಗುತ್ತಿರಬಹುದೆಂದು, ಅದನ್ನು ಹಿಡಿದುಕೊಳ್ಳಲು ನನ್ನನ್ನೂ ಹತ್ತಿಸಿದರು. ನನ್ನ ಕಿವಿ ಬೇಕಾಗಿರಲಿಲ್ಲ, ಕೈ ಸಾಕಿತ್ತು. ಪೇಟೆಯ ಗುಂಡಿಯೊಂದನ್ನೂ ಬಿಡದೆ ಓಡಿಸಿದರು. ಕಾರು ತುಟಿ ಬಿಚ್ಚಲಿಲ್ಲ. ವಾಪಸ್ ಬಂದು ಎಲ್ಲರೂ ಇಳಿದು, ನಿನ್ನಣ್ಣ ಒಬ್ಬನೇ ಕಾರನ್ನು ಶೆಡ್ಡಿಗೆ ಹಾಕಲು ಹೋದಾಗ, ಚರಂಡಿ ಚಪ್ಪಡಿಯ ಮೇಲೆ ಟಣ್ ಎಂದಿತು! ಮೂವರೂ ‘ನೋಡಿದ್ರಾ, ನೋಡಿದ್ರಾ’ ಎನ್ನುತ್ತಾ ಮತ್ತೆ ಹತ್ತಿ ಹೊರಟರು. ಮತ್ತೆ ಮೌನ. ವಾರವೆಲ್ಲ ಇದೇ ಸವಾರಿ. ಇವರು ಹತ್ತಿದರೆ ಕಾರು ಸುಮ್ಮನಿರುತ್ತದೆ, ಇಳಿದರೆ ಮಾತಾಡುತ್ತದೆ, ಅಷ್ಟೇ ಅಲ್ಲವೇ ಎಂದು ನನಗನ್ನಿಸಿತು. ‘ಒಬ್ಬೊಬ್ಬರೇ ಓಡಿಸಿ ನೋಡಿ’ ಎಂದೆ. ನಿಮ್ಮಪ್ಪ ನಕ್ಕರು. ‘ಕಾರು ಅಂದ್ರೆ ನಿನ್ನ ಇಸ್ತ್ರಿ ಪೆಟ್ಟಿಗೆ ಅಲ್ಲ ಕಣೇ’ ಎಂದರು. ಆ ಇಸ್ತ್ರಿ ಪೆಟ್ಟಿಗೆಯ ಅನ್ನ ಉಂಡೇ ಅಷ್ಟು ಜೋರಾಗಿ ನಗುವ ಶಕ್ತಿ ಬಂದದ್ದು; ಹೋಗಲಿ ಬಿಡು.

ಈಗ ಮುಖ್ಯ ವಿಷಯ. ಬಂದು ಹೋಗುವ ಸದ್ದೇ ಎಲ್ಲಕ್ಕಿಂತ ಅಪಾಯವೆಂದೂ, ಇಂಜಿನ್ ಯಾವಾಗ ಬೇಕಾದರೂ ಕೈಕೊಡುತ್ತದೆಂದೂ ಮೂವರೂ ಸೇರಿ ನಿರ್ಧರಿಸಿದ್ದಾರೆ. ಕಾರು ಮಾರುತ್ತಾರಂತೆ. ಕೊಳ್ಳುವವನು ಯಾರು ಗೊತ್ತಾ? ನಿನ್ನಣ್ಣನ ಹೆಂಡತಿಯ ತಮ್ಮ. ‘ಪಾಪ, ಕೆಟ್ಟಿದ್ರೂ ಇದ್ದ ಹಾಗೇ ತಗೋತೀನಿ ಅಂತಿದ್ದಾನೆ’ ಎಂದು ನಿನ್ನಣ್ಣ ಅವನ ಕರುಣೆಯನ್ನು ಹೊಗಳುತ್ತಿದ್ದಾನೆ. ನಿನ್ನಣ್ಣನನ್ನು ಮೋಸಗಾರ ಎಂದುಕೊಳ್ಳಬೇಡ, ಅಷ್ಟು ದೊಡ್ಡ ಮಾತು ಅವನಿಗೆ ಹೊಂದುವುದಿಲ್ಲ. ಮೋಸಕ್ಕೂ ಸ್ವಲ್ಪ ತಲೆ ಬೇಕು. ಕಾರು ಕೊಂಡವಳು ನೀನು, ಆದರೆ ಮನೆ ಯಜಮಾನರೆಂದು ಗೌರವ ಕೊಟ್ಟು ನಿಮ್ಮಪ್ಪನ ಹೆಸರಿಗೆ ಮಾಡಿಸಿದೆಯಲ್ಲ, ಆ ಗೌರವ ಈಗ ಭಾನುವಾರ ಸಹಿ ಹಾಕಲು ಪೆನ್ನು ಹುಡುಕುತ್ತಿದೆ. ತರಬೇತಿ ಮುಗಿದ ಮೇಲೆ ನಿನಗೆ ರೋಗಿಗಳ ಮನೆಮನೆಗೆ ಹೋಗುವ ಕೆಲಸ, ಸ್ವಂತ ಕಾರಿಲ್ಲದವರಿಗೆ ಆ ಕೆಲಸವನ್ನೇ ಕೊಡುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ನಿಮ್ಮಪ್ಪ ಪೇಪರಿನಿಂದ ತಲೆಯೆತ್ತದೆ, ‘ಯಾಕೆ, ಬಸ್ಸಿಲ್ವಾ?’ ಎಂದರು.

ಮೊನ್ನೆ ಮಧ್ಯಾಹ್ನ ಉಂಡು ಮೂವರೂ ಮೂರು ಸ್ವರದಲ್ಲಿ ಗೊರಕೆ ಹೊಡೆಯುತ್ತಿದ್ದರು. (ಅದನ್ನು ಯಾವ ಮೆಕ್ಯಾನಿಕ್ಕಿಗೂ ತೋರಿಸಿಲ್ಲ.) ನಾನು ಕೀಲಿ ತೆಗೆದುಕೊಂಡೆ. ಹಳೆಯ ಗೋದಾಮಿನ ಅಂಗಳದಲ್ಲಿ ನೀನು ನನಗೆ ಕಲಿಸಿದ್ದು, ಬೈದು ಬೈದು ಪರೀಕ್ಷೆಗೆ ಕಳಿಸಿ ಲೈಸೆನ್ಸ್ ಮಾಡಿಸಿದ್ದು ಇವರಿಗೆ ಇನ್ನೂ ಗೊತ್ತಿಲ್ಲ. ಲೈಸೆನ್ಸನ್ನು ಸೋಪಿನ ಪುಡಿಯ ಡಬ್ಬದಡಿ ಇಟ್ಟಿದ್ದೇನೆ. ಈ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ, ಯಾವ ಗಂಡಸಿನ ಕೈಯೂ ಅಲ್ಲಿಗೆ ಹೋಗುವುದಿಲ್ಲ. ನೀನು ಪಕ್ಕದಲ್ಲಿಲ್ಲದೆ ರಸ್ತೆಗಿಳಿದದ್ದು ಅದೇ ಮೊದಲು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೆ. ಮೊದಲನೇ ಉಬ್ಬಿನ ಮೇಲೆ ಹತ್ತಿಸಿದೆ: ಟಣ್! ಹಿಂದೆ, ಎಡಗಡೆ, ಸ್ಪಷ್ಟವಾಗಿ. ಲಾಂಡ್ರಿಗೆ ಹೋಗಿ ಒದ್ದೆ ಹಾಸಿಗೆ ಬಟ್ಟೆಯ ಗಂಟುಗಳನ್ನು ಹಿಂದಿನ ಸೀಟಿಗೆ ಒಟ್ಟಿ, ಅದೇ ಉಬ್ಬಿನ ಮೇಲೆ ಮತ್ತೆ ಹತ್ತಿಸಿದೆ. ಉಸಿರಿಲ್ಲ. ನೀನು ಓಡಿಸುವಾಗ ಹಿಂದೆ ಯಾವತ್ತೂ ಗಂಟು ತುಂಬಿರುತ್ತಿತ್ತು, ಅದಕ್ಕೇ ನಿನಗೂ ಕೇಳಿಸಿರಲಿಲ್ಲ. ಗಂಟು ಇಳಿಸಿ ಸೀದಾ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ಕಿಗೆ ಜಾಗವನ್ನು ನಾನೇ ತೋರಿಸಿದೆ. ಅವನು ಕಾರೆತ್ತಿ ನೋಡಿ, ‘ಶಾಕ್ ಅಬ್ಸಾರ್ಬರ್ ಮೇಲ್ಗಡೆ ರಬ್ಬರ್ ಸವೆದಿದೆ ಅಮ್ಮಾ. ಹಿಂದೆ ಖಾಲಿ ಇದ್ರೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತೆ, ಭಾರ ಕೂತ್ರೆ ಸುಮ್ಮನಾಗುತ್ತೆ’ ಎಂದ. ನಮ್ಮ ಮನೆಯಲ್ಲಿ ಭಾರ ಕೂತ ಮೇಲೇ ಸದ್ದು ಶುರುವಾಗೋದು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ರಬ್ಬರ್ ಬದಲಾಯಿಸಿದ. ಇವರು ಎದ್ದು ಚಹಾ ಕೇಳುವ ಹೊತ್ತಿಗೆ ಕಾರು ಶೆಡ್ಡಿನಲ್ಲಿತ್ತು.

ರಿಪೇರಿಯಾದದ್ದನ್ನು ಇವರಿಗೆ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಇನ್ನೊಂದು ಸದ್ದು ಹುಡುಕುತ್ತಾರೆ. ಮೊನ್ನೆಯಿಂದ ಮೂವರೂ ಕಾರಿನ ಹತ್ತಿರವೇ ಸುಳಿದಿಲ್ಲ, ಮಾರುವ ಸಡಗರದಲ್ಲಿ ಮಾಲು ನೋಡುವುದೇ ಮರೆತಿದ್ದಾರೆ. ಎಲ್ಲರೂ ನಿನ್ನನ್ನು ಕೇಳಿದೆವೆಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ದೊಡ್ಡ ಡಾಕ್ಟರು ಗದರಿದರೆ ಅಳಬೇಡ, ಚೆನ್ನಾಗಿ ಕಲಿ. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ
ಅಮ್ಮ

ತಾ.ಕ.: ವ್ಯಾನಿನವನು ನಾಳೆ ನಿನ್ನ ಹಾಸ್ಟೆಲಿನ ಕಡೆ ಹೋಗುತ್ತಾನಂತೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಶನಿವಾರ ಬೆಳಿಗ್ಗೆ ಇವರು ಏಳುವ ಮೊದಲೇ ಕಾರು ತೆಗೆದುಕೊಂಡು ಹೊರಡುತ್ತೇನೆ. ಕಾಗದಪತ್ರಗಳೂ ಕಾರಿನಲ್ಲೇ ಇವೆ. ಹಿಂದಿನ ಸೀಟಿನಲ್ಲಿ ನಿನ್ನ ದಿಂಬೊಂದೇ. ಹಾಸ್ಟೆಲಿನಲ್ಲಿ ನಿಲ್ಲಿಸಲು ಜಾಗ ಕೇಳಿಡು, ಗೇಟಿನವನಿಗೆ ಡ್ರೈವರು ನಿಮ್ಮಮ್ಮನೇ ಎಂದು ಹೇಳಿಡು. ಭಾನುವಾರ ಬರುವವನಿಗೆ ಬೇಕಾದರೆ ಇವರು ಮೂವರೂ ಖಾಲಿ ಶೆಡ್ಡಿನಲ್ಲಿ ನಿಂತು ಲೋಟ ಬಡಿದು ಸದ್ದು ಕೇಳಿಸಲಿ. ಕೀಲಿ ನಿನ್ನ ಕೈಗಿಟ್ಟು ನಾನು ವಾಪಸ್ ಬರುತ್ತೇನೆ. ಹೇಗೆ ಬರುತ್ತೀಯ ಎಂದು ಯೋಚಿಸಬೇಡ. ಯಾಕೆ, ಬಸ್ಸಿಲ್ವಾ?