ಮೂರು ಫೈಲು, ಒಂದು ಆದೇಶ

ಮಾರ್ಚ್ 3, ಮಧ್ಯಾಹ್ನ 3

ಮತ್ತೆ ಅದೇ. ಕತ್ತರಿಸು, ಅಂಟಿಸು, ಪುಟಸಂಖ್ಯೆ ಹಾಕು. ಪ್ಲಾಸ್ಟಿಕ್ ನಿಷೇಧದ್ದೊಂದು ಫೈಲು, ಕಂಪನಿಗಳ ಮೇಲಿನ ಸುಂಕದ್ದೊಂದು, ಖಾಲಿ ಬಾಟಲಿಗೆ ಠೇವಣಿ ಮರಳಿಸುವುದೊಂದು. ಮೂರೂ ಸೇರಿ ಒಂದೇ ಆದೇಶ ಆಗಬೇಕು. ಬರೀ ನಿಷೇಧ ತಂದರೆ ಕದ್ದು ಮಾರುತ್ತಾರೆ, ಬರೀ ಸುಂಕ ಹಾಕಿದರೆ ಗಿರಾಕಿಯ ತಲೆಗೆ ಕಟ್ಟುತ್ತಾರೆ — ಡೈರೆಕ್ಟರ್ ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದಾರೆ. ಸರಿಯೇ. ಆದರೆ ನಾಲ್ಕಕ್ಕೆ ಅಮ್ಮನ ಡಯಾಲಿಸಿಸ್. ಸುಂಕದ್ದನ್ನು ಮುಂದಿಟ್ಟು, ಅನುಬಂಧಗಳಿಗೆ ಹೊಸ ನಂಬರು ಹಾಕಿ, ಟೈಪಿಸ್ಟ್ ಕೈಗೆ ಕೊಟ್ಟು ಹೊರಟೆ.

ಮಾರ್ಚ್ 10, ಬೆಳಿಗ್ಗೆ 11

ಇವತ್ತಿನಿಂದ ಜಾರಿ. ಟೀ ಕುಡಿಯುತ್ತ ಅಚ್ಚಾದ ಪ್ರತಿ ಓದಿದೆ. ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ.

'ಅನುಬಂಧ 2ರಲ್ಲಿರುವ ವಸ್ತುಗಳಿಗೆ ನಿಷೇಧವಿಲ್ಲ.' ನಿಷೇಧದ ಹಳೇ ಫೈಲಿನಲ್ಲಿ 2 ಎಂದರೆ ಆಸ್ಪತ್ರೆ ಸಾಮಾನು. ಸೇರಿಸಿದ ಮೇಲೆ ಅದು 5. ಈಗ 2ರಲ್ಲಿರುವುದು ಸುಂಕದ ಫೈಲಿನ ಶಾಂಪೂ ಪೊಟ್ಟಣ. ನಂಬರು ಬದಲಿಸಿದೆ, ಈ ಸಾಲು ಬದಲಿಸಲಿಲ್ಲ. ಶಾಂಪೂ ಬದುಕಿತು, ರಕ್ತದ ಟ್ಯೂಬು ಸಿಕ್ಕಿಬಿತ್ತು. ಬೇರೆಯವರ ತಪ್ಪಾಗಿದ್ದರೆ ನಕ್ಕುಬಿಡುತ್ತಿದ್ದೆ.

ಯಾರೂ ನೋಡಿಲ್ಲ. ನಾಳೆ ಹೇಳಿದರಾಯಿತು.

ಮಾರ್ಚ್ 12

ಆಸ್ಪತ್ರೆಗಳಿಂದ ಫೋನ್ ಬರುತ್ತಿದೆಯಂತೆ. ಟೈಪಿಸ್ಟ್ ಎಲ್ಲಾದರೂ ಎಡವಿದನೇ ಎಂದು ಡೈರೆಕ್ಟರ್ ನನ್ನನ್ನೇ ಕೇಳಿದರು. "ನೋಡ್ತೀನಿ ಸರ್" ಅಂದೆ. ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ. ಟೈಪಿಸ್ಟ್‌ಗೆ ಇಬ್ಬರು ಮಕ್ಕಳು. ನನಗೆ ಹೆದರಿಕೆ. ಕೆಲಸ ಹೋದರೆ ಅಮ್ಮನ ಚಿಕಿತ್ಸೆ...

ಮಾರ್ಚ್ 14, ಬೆಳಿಗ್ಗೆ 8

ಅಕ್ಕನ ಫೋನ್. ಅಮ್ಮ ಇರುವುದು ಅವಳ ಮನೆಯಲ್ಲೇ. ಆಸ್ಪತ್ರೆಯ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ತಡೆದಿದ್ದಾರೆ. ನಿನ್ನೆಗೇ ಡಯಾಲಿಸಿಸ್ ಟ್ಯೂಬ್ ಸೆಟ್ ಮುಗಿದು ಅಮ್ಮನ ಸರದಿ ತಪ್ಪಿತ್ತಂತೆ, ನನಗೆ ಗಾಬರಿಯಾದೀತೆಂದು ಹೇಳಿರಲಿಲ್ಲ. ಕಾಲು ಊದಿದೆ. ರಾತ್ರಿಯೆಲ್ಲ ಕೂತೇ ಇದ್ದಳಂತೆ, ಮಲಗಿದರೆ ಉಸಿರು ಸಿಗುವುದಿಲ್ಲ.

"ನಿಮ್ಮ ಆಫೀಸಿನ ಆರ್ಡರೇ ಅಂತೆ ಕಣೇ. ಯಾರಿಗಾದ್ರೂ ಒಂದ್ ಮಾತು ಹೇಳೇ."

11.30

ಹೇಳಿದೆ. ಡೈರೆಕ್ಟರ್ ಬೈಯಲಿಲ್ಲ. ತಿದ್ದುಪಡಿ ಬರಿ ಅಂದರು. ಕಾರಣದ ಜಾಗದಲ್ಲಿ ನನ್ನ ತಪ್ಪೆಂದು ಹುದ್ದೆ ಸಮೇತ ಬರೆದು ಸಹಿ ಹಾಕಿದೆ. ಟೈಪಿಸ್ಟ್ ಅದನ್ನು ಟೈಪ್ ಮಾಡಿ ಕೊಟ್ಟ. ನನ್ನ ಮುಖ ನೋಡಲಿಲ್ಲ. ಒಂದು ಗಂಟೆಗೆ ಚೆಕ್‌ಪೋಸ್ಟಿಗೆ ಮೇಲ್ ಹೋಗುತ್ತದೆ. ಅಲ್ಲಿಂದ ಆಸ್ಪತ್ರೆಗೆ ಲಾರಿಗೆ ಮೂರು ತಾಸಿನ ದಾರಿ.

3.40, ಆಸ್ಪತ್ರೆ

ಲಾರಿ ಇನ್ನೂ ಬಂದಿಲ್ಲ. ಅಮ್ಮನಿಗೆ ಆಕ್ಸಿಜನ್ ಹಾಕಿದ್ದಾರೆ. ತುಟಿ ನೀಲಿ. ಮಾಸ್ಕ್ ಸರಿಸಿ, ತಪ್ಪು ಮಾಡಿದ್ದು ಯಾರೇ ಎಂದು ಕೇಳಿದಳು. ನಾನೇ ಅಂದೆ.

ಕೈ ಸವರಿದಳು. "ಹೋಗ್ಲಿ ಬಿಡು. ಗೊತ್ತಾದ ತಕ್ಷಣ ಹೇಳಿದ್ಯಲ್ಲ, ಅಷ್ಟು ಸಾಕು."

ಹೂಂ ಅಂದುಬಿಟ್ಟೆ. ಈಗ ಕಣ್ಣು ಮುಚ್ಚಿದ್ದಾಳೆ. ಗೊತ್ತಾಗಿದ್ದು ಹತ್ತನೇ ತಾರೀಖು ಅಮ್ಮ, ನಾಲ್ಕು ದಿನ ನಾನು ಮುಚ್ಚಿಟ್ಟಿದ್ದೆ.